ಬಸ್ಕಿ ಮೀಮಾಂಸೆ: ಮಂಡಿಯ ಲಿಗಮೆಂಟಿನ ಮೇಲೆ ನೆಟ್ಟನೆಯ ಬೆನ್ನಿನ ಬಿಗುಮಾನ

ಅಧಿಕಾರಿ

ಈ ಶಾಸ್ತ್ರ ಓದಲು ಅರ್ಹರು ಯಾರು? ಮಂಡಿ ಉಳ್ಳವರೆಲ್ಲರೂ ಅರ್ಹರು. ಮನೆಗೆ ಕಮೋಡ್ ಬಂದ ಮೇಲೆ ಕುಕ್ಕರಗಾಲಲ್ಲಿ ಕೂರುವುದನ್ನೇ ಮರೆತವರು ವಿಶೇಷ ಅರ್ಹರು. ಗರಡಿಮನೆಯ ಪೈಲ್ವಾನರಿಗೆ ಇದರ ಅಗತ್ಯವಿಲ್ಲ. ಅವರು ಬಸ್ಕಿ ಹೊಡೆಯುತ್ತಾರೆ. ಅದರ ಮೇಲೆ ಪ್ರಬಂಧ ಬರೆಯುವ ದುರಭ್ಯಾಸ ಅವರಿಗಿಲ್ಲ.

ವಿಷಯ

ಮಂಡಿಯೊಳಗೆ ಎರಡು ಲಿಗಮೆಂಟುಗಳು ಅಡ್ಡಹಾಯ್ದಿವೆ. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ಎಸಿಎಲ್ ತಡೆಯುತ್ತದೆ; ಹಿಂದಕ್ಕೆ ಜಾರದಂತೆ ಪಿಸಿಎಲ್ ತಡೆಯುತ್ತದೆ. ಒಬ್ಬಳು ದುಡಿಯುವಾಗ ಇನ್ನೊಬ್ಬಳು ಆರಾಮಾಗಿರುವ ಓರಗಿತ್ತಿಯರು ಇವರು. ಜರ್ಮನಿಯ ವೇಬರ್ ಸಹೋದರರು 1836ರಲ್ಲೇ ಇವುಗಳ ಕೆಲಸವನ್ನು ವಿವರಿಸಿದರು. ಹಾಗಾಗಿ ಮೊದಲಿಗರೆನಿಸುವ ಕೀರ್ತಿ ನಮ್ಮ ಕೈತಪ್ಪಿದೆ.

ಪೂರ್ವಪಕ್ಷ

‘ಪೂರ್ತಿ ಕೂತರೆ ಲಿಗಮೆಂಟ್ ಸಡಿಲವಾಗುತ್ತದೆ’ ಎಂದು 1961ರಲ್ಲಿ ಟೆಕ್ಸಾಸ್‌ನ ಸಂಶೋಧಕ ಕಾರ್ಲ್ ಕ್ಲೈನ್ ಸಾರಿದರು. ಆಮೇಲಿನ ಪರೀಕ್ಷೆಗಳಲ್ಲಿ ಆ ಸಡಿಲು ಸಿಗಲಿಲ್ಲ. ಭಯ ಮಾತ್ರ ಗಟ್ಟಿಯಾಗಿ ಉಳಿಯಿತು. ಇನ್ನೊಂದೆಡೆ ಜಿಮ್ಮಿನ ತ್ರಿಸೂತ್ರವಿದೆ: ಎದೆ ನೆಟ್ಟಗಿರಲಿ, ಮಂಡಿ ಕಾಲ್ಬೆರಳು ದಾಟದಿರಲಿ, ಪೂರ್ತಿ ಇಳಿ. ಈ ಮೂರನ್ನೂ ಏಕಕಾಲಕ್ಕೆ ಪಾಲಿಸಿದವನು ಅಂಗಾತ ಬೀಳುತ್ತಾನೆ. ಇದಕ್ಕೆ ತರ್ಕದ ಹಂಗಿಲ್ಲ, ನೆಲವೇ ಪ್ರಮಾಣ.

ಸಿದ್ಧಾಂತ

ಕಾಲು ಹೆಚ್ಚು ಮಡಚದಿದ್ದಾಗ ತೊಡೆಯ ಮುಂದಿನ ಸ್ನಾಯು ಕೆಳಗಾಲನ್ನು ಮುಂದಕ್ಕೆಳೆಯುತ್ತದೆ. ಆಗ ದುಡಿಮೆ ಎಸಿಎಲ್‌ನದು. ಆಳಕ್ಕಿಳಿದಂತೆ ಎಳೆತದ ದಿಕ್ಕು ತಿರುಗಿ ಸರದಿ ಪಿಸಿಎಲ್‌ಗೆ ಬರುತ್ತದೆ. ಸೊಂಟದ ಕೀಲಲ್ಲಿ ತುಸು ಮುಂದೆ ಬಾಗಿದವನಿಗೆ ತೊಡೆಯ ಹಿಂದಿನ ಸ್ನಾಯು ಎಚ್ಚೆತ್ತು ಕೆಳಗಾಲನ್ನು ಹಿಂದಕ್ಕೆ ಹಿಡಿಯುತ್ತದೆ. ಎಸಿಎಲ್ ಉಸಿರು ಬಿಡುತ್ತದೆ. ಸೆಟೆದು ನಿಂತವನಿಗೆ ಆ ಸಹಾಯ ಕಡಿಮೆ. ಆದ್ದರಿಂದ ಬಿಗುಮಾನವೆಂಬುದು ಮನಸ್ಸಿನ ದೋಷ ಮಾತ್ರವಲ್ಲ, ಮಂಡಿಯ ಮೇಲಿನ ಹೊರೆಯೂ ಹೌದು.

ಆಕ್ಷೇಪ

ಹಾಗಾದರೆ ಸಾಹೇಬರ ಮುಂದೆ ದಿನವಿಡೀ ಬಾಗುವವರ ಲಿಗಮೆಂಟುಗಳು ಅಮರವೇ?

ಸಮಾಧಾನ

ಅಲ್ಲ. ಬಾಗುವುದು ಬೇರೆ, ಗೂನಾಗುವುದು ಬೇರೆ. ಇನ್ನು ಬಾಗಿದ್ದಕ್ಕೂ ಬಿಲ್ಲು ಬರುತ್ತದೆ, ಸೊಂಟದ ಹೆಸರಿಗೆ. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಏಳು ಮಂದಿ ಗಂಡಸರು ತಮ್ಮ ದೇಹದಷ್ಟೇ ತೂಕ ಹೊತ್ತು ಬಸ್ಕಿ ಹೊಡೆದರು. ಮಂಡಿ ಮುಂದೆ ಹೋಗದಂತೆ ಕಾಲಿನ ಎದುರು ಹಲಗೆ ನಿಲ್ಲಿಸಿದಾಗ ಮೈ ಹೆಚ್ಚು ಮುಂದೆ ಬಾಗಿತು; ಮಂಡಿಯ ತಿರುಚುಬಲ ಸುಮಾರು 150ರಿಂದ 117 ನ್ಯೂಟನ್ ಮೀಟರಿಗೆ ಇಳಿಯಿತು. ಸೊಂಟದ್ದು ಸುಮಾರು 28ರಿಂದ 303ಕ್ಕೆ ಜಿಗಿಯಿತು. ಮಂಡಿಗೆ ಸಿಕ್ಕ ರಿಯಾಯಿತಿಯನ್ನು ಸೊಂಟ ಬಡ್ಡಿಸಮೇತ ಕಟ್ಟಿತು.

ದೃಷ್ಟಾಂತ

ತರಗತಿಯ ಹೊರಗೆ ಹುಡುಗನೊಬ್ಬ ಕಿವಿ ಹಿಡಿದು ಬಸ್ಕಿ ಹೊಡೆಯುತ್ತಿದ್ದಾನೆ. ಎಂಟನೆಯದಕ್ಕೆ ಮೈ ತಾನಾಗಿಯೇ ಮುಂದೆ ಬಾಗಿತು, ಹಿಮ್ಮಡಿ ನೆಲ ಕಚ್ಚಿತು.

“ಏಯ್, ನೆಟ್ಟಗೆ ಹೊಡಿಯೋ!”

“ಸಾರ್, ಎಸಿಎಲ್ಲಿಗೆ ತೊಂದ್ರೆ ಸಾರ್.”

“ಎದುರುತ್ತರ ಬೇರೆ! ಇನ್ನೂ ಹತ್ತು ಹೊಡಿ.”

ಇಲ್ಲಿ ಶಾಸ್ತ್ರ ಹುಡುಗನ ಕಡೆಗಿದೆ, ಬೆತ್ತ ಮೇಷ್ಟ್ರ ಕಡೆಗಿದೆ. ಆದರೂ ಹೆದರಬೇಕಿಲ್ಲ. ತರುಣರ ಎಸಿಎಲ್ ಹರಿಯಲು ಸರಾಸರಿ 2160 ನ್ಯೂಟನ್, ಅಂದರೆ ಸುಮಾರು 220 ಕೆ.ಜಿ. ತೂಕದಷ್ಟು ಎಳೆತ ಬೇಕೆಂದು 1991ರ ಪರೀಕ್ಷೆ ಹೇಳುತ್ತದೆ. ಬರಿಮೈ ಬಸ್ಕಿ ಅದರ ಹತ್ತಿರಕ್ಕೂ ಸುಳಿಯದು. ಹುಡುಗನ ಮಂಡಿ ಕ್ಷೇಮ, ಕಿವಿಯ ವಿಚಾರ ಈ ಗ್ರಂಥದ ವ್ಯಾಪ್ತಿಗೆ ಬಾರದು.

ಫಲಶ್ರುತಿ

ಇದನ್ನು ನಿತ್ಯ ಪಠಿಸುವವರ ಮಂಡಿನೋವು ಎಳ್ಳಷ್ಟೂ ಕಡಿಮೆಯಾಗದು. ಪಠಿಸುವಾಗ ಅವರು ಕುರ್ಚಿಯಲ್ಲೇ ಇರುತ್ತಾರೆ. ಓದಿ ಮುಗಿಸಿ ಏಳುವಾಗ ಮಾತ್ರ ಗಮನಿಸಿ: ಎಂಥ ಬಿಗುಮಾನದ ಪಂಡಿತನೂ ಮುಂದೆ ಬಾಗದೆ ಕುರ್ಚಿಯಿಂದ ಏಳಲಾರ.