ಜನರೇಶನ್ ಅಣ್ಣ

ಬಾವಿಗೆ ನೀರು ನೋಡಿಕೊಡುವವರು, ಮನೆ ಕಟ್ಟಲು ಜಾಗ ನೋಡಿಕೊಡುವವರು, ಹುಡುಗನಿಗೆ ಹುಡುಗಿ ನೋಡಿಕೊಡುವವರು: ನಮ್ಮ ಸಿದ್ಧಕಟ್ಟೆಯ ಸುತ್ತಮುತ್ತ ಇಂಥವರಿಗೆ ಯಾವ ಕಾಲಕ್ಕೂ ಬರ ಇರಲಿಲ್ಲ. ಈಗ ಆ ಸಾಲಿಗೆ ಲ್ಯಾಪ್‌ಟಾಪ್ ನೋಡಿಕೊಡುವವನೂ ಸೇರಿದ್ದಾನೆ. ದಕ್ಷಿಣೆ ಇಲ್ಲ, ಕಮಿಷನ್ ಇಲ್ಲ. ಒಂದು ಚಾ, ಒಂದು ಪ್ಲೇಟು ಗೋಳಿಬಜೆ, ಆಮೇಲೆ ನಿಮ್ಮ ಆಯುಷ್ಯದ ಕೆಲವು ತಿಂಗಳು. ಇಷ್ಟೇ ಅವನ ಫೀಸು.

ಈ ಜಾತಿಯವರು ಬಿ.ಸಿ.ರೋಡಿನಲ್ಲಿದ್ದಾರೆ, ವೇಣೂರಿನಲ್ಲಿದ್ದಾರೆ. ಕಾಲೇಜುಗಳಿಂದಲೇ ತುಂಬಿರುವ ಮೂಡುಬಿದಿರೆಯಲ್ಲಂತೂ ಹಾಸ್ಟೆಲಿಗೊಬ್ಬರು ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಬಜೆಟ್ ಎಷ್ಟೆಂದು ಕೇಳುತ್ತಾರೆ. ಐವತ್ತು ಸಾವಿರ ಎಂದರೆ ಅರವತ್ತೈದರದ್ದನ್ನು ವರ್ಣಿಸುತ್ತಾರೆ. ಅರವತ್ತೈದಕ್ಕೆ ನೀವು ಹೂಂ ಅಂದಿರೋ, "ಇಷ್ಟು ಹಾಕುವವರು ಮತ್ತೊಂದು ಹತ್ತು ಹಾಕಿಬಿಡಿ, ಇಲ್ಲದಿದ್ದರೆ ಇದೂ ವೇಸ್ಟ್" ಎನ್ನುತ್ತಾರೆ. ಎಂತಕ್ಕೆ ಬೇಕು ಎಂದು ಕೇಳುತ್ತಾರೆ. "ಮಗಳ ಓದಿಗೆ" ಎಂಬ ಉತ್ತರ ಅವರಿಗೆ ಸಾಲದು. "ಓದಿಗೆ ಅಂದ್ರೆ? ಆಟೋಕ್ಯಾಡ್ ಉಂಟಾ? ವಿಡಿಯೋ ಎಡಿಟಿಂಗ್ ಮಾಡ್ತಾಳಾ?" ಬಿ.ಕಾಂ. ಓದುವ ಹುಡುಗನಿಗೆ, ಜೆಟ್ ವಿಮಾನದಷ್ಟು ಸದ್ದು ಮಾಡುವ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿದವರೂ ಇದ್ದಾರೆ. ಹುಡುಗ ಅದರಲ್ಲಿ ಗೇಮ್ ಆಡಿದ, ಬಿ.ಕಾಂ. ಹಾಗೇ ಉಳಿಯಿತು.

ನನಗೆ ಗಂಟುಬಿದ್ದವನು ನಮ್ಮೂರಿನವನೇ. ಹೆಸರು ಬೇಡ. ಯಾವ ಲ್ಯಾಪ್‌ಟಾಪ್ ಕಂಡರೂ ಅವನ ಮೊದಲ ಪ್ರಶ್ನೆ "ಎಷ್ಟನೇ ಜನರೇಶನ್?" ಆದ್ದರಿಂದ ಊರಿಗೆಲ್ಲ ಅವನು ಜನರೇಶನ್ ಅಣ್ಣ. ನನಗಿಂತ ಎಷ್ಟೋ ಚಿಕ್ಕವನು. ಆದರೂ ಒಮ್ಮೊಮ್ಮೆ ನನ್ನ ಬಾಯಲ್ಲೂ ಅಣ್ಣ ಎಂದೇ ಬರುತ್ತದೆ.

ಅವನು ಪ್ರಸಿದ್ಧಿಗೆ ಬಂದದ್ದು 2020ರಲ್ಲಿ. ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಮಕ್ಕಳಿಗೆ ಸರಕಾರ ಲ್ಯಾಪ್‌ಟಾಪ್ ಹಂಚಿದ ಹೊತ್ತು ಅದು, ಹಿಂದೆಯೇ ಲಾಕ್‌ಡೌನ್. ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರೆ, ಹೆತ್ತವರು ಇವನನ್ನು ಹುಡುಕಿಕೊಂಡು ತೋಟಕ್ಕೆ ಇಳಿಯುತ್ತಿದ್ದರು. ಎರಡನೆಯ ಬಾರಿ ಅವನ ಹೆಸರು ಎಲ್ಲರ ಬಾಯಿಗೆ ಬಿದ್ದದ್ದು 2023ರ ಆಗಸ್ಟ್ 3ರಂದು. ಲ್ಯಾಪ್‌ಟಾಪ್ ಆಮದಿಗೆ ಇನ್ನು ಲೈಸನ್ಸ್ ಬೇಕು ಎಂದು ಅಂದು ಕೇಂದ್ರ ಸರಕಾರ ಹೇಳಿತು. ಅವನು ಬದುಕಿನಲ್ಲಿ ಒಮ್ಮೆ ಮಾತ್ರ "ಈಗಲೇ ತೆಗೀರಿ" ಎಂದದ್ದಿದ್ದರೆ ಅದು ಅಂದೇ. ಮಾರನೆಯ ದಿನವೇ ಸರಕಾರ ಆ ಆದೇಶವನ್ನು ಅಕ್ಟೋಬರ್ ಕೊನೆಗೆ ಮುಂದೂಡಿತು. ಆಮೇಲೆ ಅವನು ಯಾರಿಗೂ "ಈಗಲೇ" ಎಂದದ್ದಿಲ್ಲ.

ವಿದ್ಯೆ ಮಾತ್ರ ಪಕ್ಕಾ. ಇದನ್ನು ಒಪ್ಪಿಕೊಳ್ಳಲೇಬೇಕು, ಒಪ್ಪಿಕೊಳ್ಳಲು ಹೊಟ್ಟೆಉರಿಯೂ ಆಗುತ್ತದೆ. ಅಂಗಡಿಯವರು 'ಹೊಸ ಮಾಡೆಲ್' ಎಂದು ತೋರಿಸಿದ ರೈಜನ್ 5 7520ಯು ಚಿಪ್ಪಿನ ಹಣೆಬರಹವನ್ನು ಅವನು ಚಾ ಲೋಟ ಕೆಳಗಿಡದೆ ಓದಿಬಿಟ್ಟ. "ಏಳು ಸಾವಿರ ಅಂತ ಕಂಡದ್ದಕ್ಕೆ ಮರುಳಾಗ್ಬೇಡಿ ಮಾಸ್ಟ್ರೇ. ಮೂರನೇ ಅಂಕೆ ನೋಡಿ. ಎರಡು ಉಂಟಲ್ಲ? ಅಂದ್ರೆ ಒಳಗೆ ಝೆನ್ 2. ಅದು 2019ರ ಡಿಸೈನು. ಅದೇ 7530ಯು ಆದ್ರೆ ಝೆನ್ 3." ಹೊರಗಿನ ಅಂಕೆ ಹೊಸತು, ಒಳಗಿನ ಸರಕು ಹಳತು. ಇಂಟೆಲ್‌ನವರು 2023ರ ಕೊನೆಗೆ ಹೊಸ ಚಿಪ್ಪುಗಳ ಹೆಸರಿನಿಂದ 'ಐ' ಅಕ್ಷರವನ್ನು ಕೈಬಿಟ್ಟಾಗ ಅವನ ಮುಖ ನೋಡಬೇಕಿತ್ತು. "ಐ3, ಐ5, ಐ7 ಅಂತ ಊರಿನ ಅಜ್ಜಿಯಂದಿರಿಗೂ ಕಲಿಸಿಯಾಗಿತ್ತು ಮಾರಾಯ್ರೇ" ಎಂದು ಕೊರಗಿದ.

ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದೋ, ಮುಂದೆ ಹೆಚ್ಚಿಸಲು ಸ್ಲಾಟ್ ಉಂಟೋ. ಸ್ಕ್ರೀನು 250 ನಿಟ್ಸ್ ಆದರೆ ಚಾವಡಿಯ ಬೆಳಕಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಮನೆಗೇ ಬಂದು ರಿಪೇರಿ ಮಾಡುತ್ತೇವೆ ಎನ್ನುವ ವಾರಂಟಿ ನಮ್ಮ ಪಿನ್‌ಕೋಡಿಗೆ ಬರುತ್ತದೋ ಇಲ್ಲವೋ: ಇವೆಲ್ಲ ಅವನಿಂದ ನಾನು ಕಲಿತವು. ಅದಕ್ಕೆ ಮೊದಲು ಲ್ಯಾಪ್‌ಟಾಪಿನಲ್ಲಿ ನಾನು ನೋಡುತ್ತಿದ್ದದ್ದು ಬಣ್ಣ.

ಅಂಗಡಿಗೆ ಅವನನ್ನು ಕರೆದುಕೊಂಡು ಹೋಗುವವರು ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬಾರದು. ಮಂಗಳೂರಿನ ಒಂದು ಅಂಗಡಿಯಲ್ಲಿ ನಾನು ಸಾಕ್ಷಿಯಾಗಿ ನಿಂತಿದ್ದೆ. ಮೊದಲು ಒಂದೇ ಬೆರಳಿನಿಂದ ಮುಚ್ಚಳ ಎತ್ತಿದ. ಅಡಿಭಾಗವೂ ಜೊತೆಗೆ ಎದ್ದರೆ ಫೇಲ್. ಆಮೇಲೆ ಕೀಬೋರ್ಡಿನ ನಡುಮಧ್ಯೆ ಹೆಬ್ಬೆರಳಿಟ್ಟು ಒತ್ತಿದ. ಒಳಗೆ ತಗ್ಗಿದರೆ ಫೇಲ್. ಸ್ಕ್ರೀನಿನ ಎರಡು ಮೂಲೆ ಹಿಡಿದು ಹಿಂಡಿದಾಗ ಸೇಲ್ಸ್ ಹುಡುಗ ಕಣ್ಣು ಮುಚ್ಚಿಕೊಂಡ. ಕೊನೆಗೆ ಕಿವಿ ಹತ್ತಿರ ತಂದು ಮುಚ್ಚಳವನ್ನು ನಿಧಾನಕ್ಕೆ ತೆರೆಯುತ್ತ ಮುಚ್ಚುತ್ತ ಹಿಂಜಿನ ಸದ್ದು ಆಲಿಸಿದ. ಕಿರ್ ಎನ್ನುವುದಕ್ಕೂ ಕಟ್ ಎನ್ನುವುದಕ್ಕೂ ತುಂಬ ವ್ಯತ್ಯಾಸ ಉಂಟಂತೆ. "ಪ್ರೊಸೆಸರ್ ಸಾಯುವುದಿಲ್ಲ ಮಾಸ್ಟ್ರೇ, ಸಾಯುವುದು ಹಿಂಜು."

"ಸರ್, ಇದು ಮಿಲಿಟರಿ ಗ್ರೇಡ್, ಎಂಐಎಲ್-ಎಸ್‌ಟಿಡಿ-810ಎಚ್" ಎಂದು ಹುಡುಗ ಕೊನೆಯ ಬಾಣ ಬಿಟ್ಟ. ಜನರೇಶನ್ ಅಣ್ಣ ನಕ್ಕ. ಅದು ಅಮೆರಿಕದ ಸೈನ್ಯ ಬರೆದಿಟ್ಟ ಪರೀಕ್ಷೆಗಳ ಪಟ್ಟಿ ಅಷ್ಟೆ, ಅದರಲ್ಲಿ ಯಾವ ಪರೀಕ್ಷೆ ಮಾಡಬೇಕೆಂದು ಆರಿಸಿಕೊಳ್ಳುವುದು ಲ್ಯಾಪ್‌ಟಾಪ್ ಕಂಪೆನಿಯೇ ಎಂದು ವಿವರಿಸಿದ. "ಇದ್ರಲ್ಲಿ ಬಂಟ್ವಾಳ–ಮೂಡುಬಿದಿರೆ ಬಸ್ಸಿನ ಟೆಸ್ಟ್ ಉಂಟಾ? ಮಳೆಗಾಲದಲ್ಲಿ? ನಿಂತುಕೊಂಡು?" ಹುಡುಗನ ಬಳಿ ಉತ್ತರ ಇರಲಿಲ್ಲ. ನಾವು ಏನೂ ಕೊಳ್ಳದೆ ಹೊರಗೆ ಬಂದೆವು.

ಏನೂ ಕೊಳ್ಳದೆ ಹೊರಗೆ ಬರುವುದೇ ಅವನ ನಿಜವಾದ ಪರಿಣತಿ. ನನ್ನ ಹೊಟ್ಟೆಯೊಳಗಿನ ಸಂಕಟ ಇಲ್ಲಿಂದಲೇ ಶುರು.

ಮಗಳಿಗೆ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಬಿಸಿಎ ಸೀಟು ಸಿಕ್ಕಿದ್ದು 2025ರ ಜೂನ್‌ನಲ್ಲಿ. ಒಂದು ಲ್ಯಾಪ್‌ಟಾಪ್ ಅವನ ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿತ್ತು. ನಾನು ಪರ್ಸಿಗೆ ಕೈ ಹಾಕಿದೆ. "ತಡೀರಿ. ಆಗಸ್ಟ್ ಹದಿನೈದರ ಸೇಲ್ ಬರ್ತದೆ" ಎಂದ. ತಡೆದೆ. ಸೇಲ್ ಬಂದಾಗ ಅಡ್ಡ ನಿಂತವರು ನನ್ನ ಅಮ್ಮ: "ಆಟಿಯಲ್ಲಿ ಯಾರಾದ್ರೂ ಹೊಸ ವಸ್ತು ಮನೆಗೆ ತರ್ತಾರಾ?" ಜನರೇಶನ್ ಅಣ್ಣನಿಗೂ ಅಮ್ಮನಿಗೂ ಬೇರೆ ಯಾವ ವಿಷಯದಲ್ಲೂ ಹೊಂದಾಣಿಕೆ ಇಲ್ಲ, ತಡೆಯುವ ವಿಷಯದಲ್ಲಿ ಇಬ್ಬರೂ ಒಂದೇ ಪಕ್ಷ. ಆಟಿ ಮುಗಿಯಿತು. ಅಷ್ಟರಲ್ಲಿ ಪ್ರಧಾನಿಯವರು ಕೆಂಪುಕೋಟೆಯಿಂದ, ದೀಪಾವಳಿಯ ಹೊತ್ತಿಗೆ ಜಿಎಸ್‌ಟಿ ಇಳಿಸುತ್ತೇವೆ ಎಂದಿದ್ದರು. "ಕೇಳಿದಿರಾ? ತಡೀರಿ." ತಡೆದೆ. ಸೆಪ್ಟೆಂಬರ್ 22ರಂದು ಹೊಸ ದರ ಬಂತು. ಎಸಿ ಮತ್ತು ದೊಡ್ಡ ಟಿವಿಗಳ ತೆರಿಗೆ 28ರಿಂದ 18 ಶೇಕಡಕ್ಕೆ ಇಳಿಯಿತು. ಲ್ಯಾಪ್‌ಟಾಪ್ ಮೊದಲೇ 18ರಲ್ಲಿತ್ತು, ಅಲ್ಲೇ ಕೂತಿತು. ಪಕ್ಕದ ಮನೆಯವರು ಎಸಿ ತಂದರು.

ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಲ್ಲುವುದಿತ್ತು. ಆಫೀಸುಗಳೆಲ್ಲ ಹಳೆಯ ಯಂತ್ರಗಳನ್ನು ಹೊರಗೆ ಹಾಕುತ್ತವೆ, ಸೆಕೆಂಡ್‌ಹ್ಯಾಂಡ್ ರೇಟು ಬಿದ್ದರೆ ಹೊಸತರದ್ದೂ ಅಲುಗಾಡುತ್ತದೆ ಎಂಬುದು ಅವನ ಸಿದ್ಧಾಂತ. ಅಲುಗಾಡಲಿಲ್ಲ. ದೀಪಾವಳಿ ಕಳೆಯಿತು. ಆಮೇಲೆ ಅಮೆರಿಕದ್ದೊಂದು ಬ್ಲ್ಯಾಕ್ ಫ್ರೈಡೇ ತೆಗೆದ. ಕರಿ ಶುಕ್ರವಾರ ಎಂದು ನಾನು ಬಾಯಿ ತಪ್ಪಿ ಹೇಳಿದ್ದನ್ನು ಕೇಳಿಸಿಕೊಂಡ ಅಮ್ಮ ಅದಕ್ಕೂ ಕಲ್ಲು ಹಾಕಿದರು. ಈ ನಡುವೆ ಮಗಳು ಒಂದನೇ ಸೆಮಿಸ್ಟರಿನ ಸಿ ಪ್ರೋಗ್ರಾಮ್‌ಗಳನ್ನು ಗೆಳತಿಯ ಲ್ಯಾಪ್‌ಟಾಪಿನಲ್ಲಿ ಮುಗಿಸಿಕೊಂಡಿದ್ದಳು. "ಅಪ್ಪಾ, ನೀವು ತೆಗೆಯುವಾಗ ನನ್ನ ಮಗಳಿಗೆ ಸೀಟು ಸಿಕ್ಕಿರ್ತದೆ" ಎಂದಳು. ನಾನು ಅದನ್ನು ಹಾಗೇ ಅವನಿಗೆ ತಲುಪಿಸಿದೆ. "ಆಗ ಎಷ್ಟನೇ ಜನರೇಶನ್ ಇರಬಹುದು" ಎಂದು ಅವನು ನಿಜವಾಗಿಯೂ ಲೆಕ್ಕ ಹಾಕತೊಡಗಿದ.

ಅವನನ್ನು ಬೈದು ಪ್ರಯೋಜನವಿಲ್ಲ ಎಂದು ನನಗೆ ಹೊಳೆದದ್ದು ಅವರ ಮನೆಯ ಅಟ್ಟ ನೋಡಿದಾಗ. ಚಾಲಿ ಅಡಿಕೆಯ ಗೋಣಿಗಳು ಮಾಡಿನ ತನಕ. ನಮ್ಮಲ್ಲಿ ಅಡಿಕೆ ಒಣಗಿಸಿ ಸುಲಿದವರು ಮಾರಲು ಓಡುವುದಿಲ್ಲ, ರೇಟು ನೋಡುತ್ತಾರೆ. ಹೊಸ ಚಾಲಿಗಿಂತ ಹಳೆ ಚಾಲಿಗೆ ದರ ಹೆಚ್ಚು. ಇಟ್ಟವನು ಬುದ್ಧಿವಂತ, ಅವಸರಕ್ಕೆ ಮಾರಿದವನು ಪಾಪದವನು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದ ಈ ಗಣಿತವನ್ನೇ ಅವನು ಲ್ಯಾಪ್‌ಟಾಪಿಗೂ ಹಚ್ಚಿದ್ದಾನೆ. ಅಡಿಕೆ ಮಾರುವವನು ಕಾದರೆ ಲಾಭ ಸರಿ. ಇಲ್ಲಿ ನಾವು ಕೊಳ್ಳುವವರು ಎಂಬ ಸಣ್ಣ ವಿಷಯ ಮಾತ್ರ ಆ ಅಟ್ಟದ ಮೇಲೆ ಎಲ್ಲೋ ಜಾರಿಹೋಗಿದೆ.

ಅಷ್ಟರಲ್ಲಿ ಮಾರುಕಟ್ಟೆಯೇ ತಿರುಗಿ ಬಿತ್ತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ಪು ಎಷ್ಟಿದ್ದರೂ ಸಾಲದೆ, 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜಗತ್ತಿಡೀ ಗಗನಕ್ಕೇರಿತು. ಈ ಚಿಪ್ಪುಗಳಲ್ಲಿ ಬಹುಪಾಲು ತಯಾರಿಸುವವರೇ ಮೂವರು: ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಡಿಸೆಂಬರಿನಲ್ಲಿ ಮೈಕ್ರಾನ್, ಜನಸಾಮಾನ್ಯರಿಗೆ ರ‍್ಯಾಮ್ ಮಾರುತ್ತಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಲ್ಯಾಪ್‌ಟಾಪ್ ಕಂಪೆನಿಗಳೂ ದರ ಏರಿಸುವ ಮಾತಾಡತೊಡಗಿದವು. ಸುದ್ದಿ ತಂದವನು ಅವನೇ. ಮುಖ ಸಪ್ಪಗಿತ್ತು. ಸಿಡುಕಲು ಇದೇ ಸಮಯ ಎಂದುಕೊಂಡು ನಾನು ಬಾಯಿ ತೆರೆದೆ. ಅವನು ಮೊದಲೇ ಹೇಳಿಬಿಟ್ಟ: "ಸ್ವಲ್ಪ ತಡೆದ್ರೆ ಇಳಿಯಬಹುದು ಮಾಸ್ಟ್ರೇ."

ಜನವರಿಯಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿ ಲ್ಯಾಪ್‌ಟಾಪ್ ತಂದೇಬಿಟ್ಟಳು. ಜೂನ್‌ನಲ್ಲಿ ಪಾಸಾಗಿದ್ದ ಅದೇ ಮಾಡೆಲ್. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಅಲ್ಯೂಮಿನಿಯಮ್ ಮೈ. ಬೆಲೆ ಏಳು ಸಾವಿರ ಹೆಚ್ಚು.

ಸಂಜೆ ಚಾರ್ಜಿಗಿಟ್ಟು ಕೈಯಿಟ್ಟರೆ ಜುಂ ಎಂದಿತು. ಅಮ್ಮ ತುಳಸಿಕಟ್ಟೆಯತ್ತ ನೋಡಿದರು. ನಾನು ಜನರೇಶನ್ ಅಣ್ಣನಿಗೆ ಫೋನು ಮಾಡಿದೆ, ಗೆದ್ದವನ ದನಿಯಲ್ಲಿ. ಐದೇ ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದವನು ಲ್ಯಾಪ್‌ಟಾಪ್ ಮುಟ್ಟಲೂ ಇಲ್ಲ, ನೇರ ಹಿತ್ತಿಲಿಗೆ ಹೋದ. "ಲ್ಯಾಪ್‌ಟಾಪ್ ಸರಿ ಉಂಟು. ನಿಮ್ಮ ಮನೆಗೆ ಅರ್ತಿಂಗ್ ಇಲ್ಲ." ಲೋಹದ ಮೈಯಾದರೆ ಚಾರ್ಜರಿನಿಂದ ಸೋರುವ ತೃಣಮಾತ್ರದ ಕರೆಂಟು ಭೂಮಿಗೆ ಹೋಗಲು ದಾರಿಯಿಲ್ಲದೆ ಕೈಗೆ ಬರುತ್ತದಂತೆ, ಪ್ಲಾಸ್ಟಿಕ್ ಮೈಯದ್ದಾದರೆ ಗೊತ್ತೇ ಆಗುತ್ತಿರಲಿಲ್ಲವಂತೆ. ಅರ್ತಿಂಗ್ ಗುಂಡಿ ಇತ್ತು, ನಮ್ಮ ಮುರಕಲ್ಲಿನ ನೆಲದಲ್ಲಿ ಒಣಗಿ ಬೂದಿಯಾಗಿತ್ತು. ಅವನೇ ಅಗೆದು, ಇದ್ದಿಲು ಉಪ್ಪು ತುಂಬಿಸಿ, ನೀರು ಹೊಯ್ದ. ಜುಂ ನಿಂತಿತು. ಬೇಸಿಗೆ ಮುಗಿಯುವ ತನಕ ಗುಂಡಿ ಒಣಗಬಾರದು ಎಂದು ಅಪ್ಪಣೆಯಾಯಿತು. ಹಾಗಾಗಿ ನಮ್ಮ ಮನೆಯಲ್ಲಿ ಬೆಳಿಗ್ಗೆ ಹೆಂಡತಿ ನನ್ನನ್ನು ಕೇಳುವ ಮೊದಲ ಪ್ರಶ್ನೆ: "ಲ್ಯಾಪ್‌ಟಾಪಿಗೆ ನೀರು ಹಾಕಿದಿರಾ?"

ಅವತ್ತು ಕೈಯ ಮಣ್ಣು ತೊಳೆದು ಚಾವಡಿಯಲ್ಲಿ ಕೂತವನು ಅಪರೂಪಕ್ಕೆ ತನ್ನ ಬಗ್ಗೆ ಎರಡು ಮಾತಾಡಿದ. ಪಿಯುಸಿ ಮುಗಿದ ವರ್ಷ ಅವನಿಗೂ ಎಂಜಿನಿಯರಿಂಗ್ ಸೀಟು ಬಂದಿತ್ತು. ಆ ಮಳೆಗಾಲ ಕೊಳೆರೋಗ ಬಂದು ಹೀಚು ಅಡಿಕೆಯೆಲ್ಲ ಉದುರಿಹೋಗಿತ್ತು. "ಮುಂದಿನ ವರ್ಷ ಸೇರುವ, ಸ್ವಲ್ಪ ತಡಿ" ಎಂದರಂತೆ ಅಪ್ಪ. ಮುಂದಿನ ವರ್ಷ ತೋಟ ಬಿಡಲಿಲ್ಲ. ಅವನ ಸ್ವಂತ ಲ್ಯಾಪ್‌ಟಾಪನ್ನು ನಾನು ನೋಡಿದ್ದೇನೆ. ಯಾವುದೋ ಆಫೀಸಿನವರು ಮಾರಿದ ಹಳೆಯದು. ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಏರಿಸಿ, ಲಿನಕ್ಸ್ ತುಂಬಿಸಿ ಓಡಿಸುತ್ತಾನೆ. ಹಿಂಜು ಮುರಿದು ಕೇಬಲ್ ಟೈಯಲ್ಲಿ ನಿಂತಿದೆ. ಅವನು ಆರಿಸಿಕೊಟ್ಟ ಯಂತ್ರಗಳು ಬೆಂಗಳೂರಿಗೆ, ಪುಣೆಗೆ, ದುಬೈಗೆ ಹೋದವು. ಹೊತ್ತುಕೊಂಡು ಹೋದ ಮಕ್ಕಳು ಹೊಕ್ಕಾಡಿಗೋಳಿ ಕಂಬಳಕ್ಕೆ ಊರಿಗೆ ಬಂದಾಗ ದೂರದಿಂದ ಕೈ ಬೀಸುತ್ತಾರೆ. ಫೋನು ಬರುವುದು ಬ್ಯಾಟರಿ ಉಬ್ಬಿದಾಗ.

ಹೀಗೇ ಬರೆದರೆ ಇದು ಶ್ರದ್ಧಾಂಜಲಿಯಂತೆ ಕಂಡೀತು. ಆಸಾಮಿ ಗಟ್ಟಿಯಾಗಿದ್ದಾನೆ, ಮೊನ್ನೆ ಪೇಟೆಯಲ್ಲಿ ನಿಲ್ಲಿಸಿ, "ಪ್ರಿಂಟರ್ ತೆಗೆಯುವ ಅಂದಾಜು ಉಂಟಂತೆ? ಇಂಕ್ ಟ್ಯಾಂಕಿನದ್ದು ಹೊಸತು ಬರ್ತಾ ಉಂಟು" ಎಂದ. ಮುಂದಿನ ಮಾತು ಬರುವ ಮೊದಲೇ ನಾನು ಬಸ್ಸು ಹತ್ತಿದೆ. ಅದು ಮೂಡುಬಿದಿರೆ ಬಸ್ಸು. ನನಗೆ ಹೋಗಬೇಕಾದದ್ದು ಬಂಟ್ವಾಳಕ್ಕೆ.

ನಿಮ್ಮ ಮನೆಯಲ್ಲೂ ಮಕ್ಕಳು ಈ ಜೂನ್‌ನಲ್ಲಿ ಕಾಲೇಜು ಸೇರುವವರಿದ್ದರೆ ಸಿದ್ಧಕಟ್ಟೆಗೆ ಬಂದು ಅವನನ್ನು ಕೇಳಿ. ಇಷ್ಟು ತಿಳಿದವನು, ಇಷ್ಟು ಪುಕ್ಕಟೆಗೆ, ಸುತ್ತ ಎಲ್ಲೂ ಸಿಗಲಿಕ್ಕಿಲ್ಲ. ಯಾವುದನ್ನು ಕೊಳ್ಳಬೇಕು ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಯಾವಾಗ ಕೊಳ್ಳಬೇಕು ಎಂದು ಮಾತ್ರ ಕೇಳಬೇಡಿ. ಗೋಳಿಬಜೆ ಮುಗಿಯುವ ಮೊದಲು ಎದ್ದುಬಿಡಿ.