ಅಮ್ಮನಿಗೆ ಹೇಳದ ಮೂಳೆ

ಜಾರಿ ಬೀಳುವುದು ಮಲೆನಾಡಿನವರಿಗೆ ಹೊಸ ವಿದ್ಯೆಯೇನಲ್ಲ. ಮಳೆಗಾಲದಲ್ಲಿ ಅಂಗಳಕ್ಕೆ ಹಾವಸೆ ಕಟ್ಟಿ, ಅಡಿಕೆ ದಬ್ಬೆ ಹಾಸಿದ್ದರೂ ವರ್ಷಕ್ಕೊಬ್ಬರು ಸೊಂಟ ಹಿಡಿದುಕೊಂಡು ಕೂರುವ ಮನೆ ನಮ್ಮದು. ಹಾಗಾಗಿ ಟೊರೊಂಟೊದಲ್ಲಿ, 44ನೆಯ ವಯಸ್ಸಿನಲ್ಲಿ, ಐಸ್ ಹಾಕಿ ಕಲಿಯಲು ಹೊರಟಾಗ ಮನೆತನದ ಪರಂಪರೆಯನ್ನೇ ಮುಂದುವರಿಸುತ್ತಿದ್ದೇನೆ ಅಂದುಕೊಂಡೆ.

ಕಾರಣ ಮಗ. ನಾಲ್ಕು ಚಳಿಗಾಲ ಅವನ ಸ್ಕೇಟಿನ ಲೇಸು ಬಿಗಿದು, ಗಾಜಿನಾಚೆ ಕೂತು ನಡುಗುತ್ತ ಕಾಫಿ ಕುಡಿದರೆ ಎಂಥವನಿಗೂ ಬುದ್ಧಿ ಕೆಡುತ್ತದೆ. ದೊಡ್ಡವರ ಆಟಕ್ಕೆ ಇಲ್ಲಿ ‘ಬಿಯರ್ ಲೀಗ್’ ಅನ್ನುತ್ತಾರೆ. ಸಂಜೆಯ ಒಳ್ಳೆಯ ಹೊತ್ತೆಲ್ಲ ಮಕ್ಕಳಿಗೆ. ನಮಗೆ ಸಿಗುವುದು ರಾತ್ರಿ ಹತ್ತೂಮುಕ್ಕಾಲು. ಯಕ್ಷಗಾನದ ವೇಷಧಾರಿಗಳಂತೆ ಅಷ್ಟು ಹೊತ್ತಿನಲ್ಲಿ ಕೂತು ಮೊಣಕಾಲಿಗೆ, ಹೆಗಲಿಗೆ, ಹೇಳಬಾರದ ಜಾಗಕ್ಕೆಲ್ಲ ಕವಚ ಕಟ್ಟಿಕೊಳ್ಳಬೇಕು. ಆ ಚೀಲದ ವಾಸನೆಯೋ! ಕಳಲೆ ನೆನೆಹಾಕಿ ನೀರು ಬದಲಿಸಲು ಮರೆತ ಪಾತ್ರೆ ನೆನಪಿಸಿಕೊಳ್ಳಿ. ನನ್ನಾಕೆ ಅದನ್ನು ಗ್ಯಾರೇಜು ದಾಟಿ ಒಳಗೆ ಬಿಟ್ಟುಕೊಂಡದ್ದೇ ಇಲ್ಲ.

ಪೆಟ್ಟಿನ ಕತೆಗೆ ಬರುತ್ತೇನೆ. ಎಲ್ಲರೂ ಹೆದರುವುದು ಪಕ್‌ಗೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಗಟ್ಟಿ ರಬ್ಬರು. ಪುಟಿಯದಿರಲೆಂದು ದೊಡ್ಡ ಪಂದ್ಯಗಳಲ್ಲಿ ಅದನ್ನು ಫ್ರೀಜರಿನಲ್ಲಿಟ್ಟು ತರುತ್ತಾರೆ. ಅದು ನನ್ನ ಹತ್ತಿರವೂ ಸುಳಿಯಲಿಲ್ಲ. ರಿಂಕಿನ ಆ ತುದಿಯಲ್ಲಿ ತನ್ನ ಪಾಡಿಗೆ ತಾನಿತ್ತು. ಯಾರೂ ಗುದ್ದಲೂ ಇಲ್ಲ. ನಮ್ಮ ಲೀಗಿನಲ್ಲಿ ಮೈಮೇಲೆ ನುಗ್ಗುವುದು ನಿಷಿದ್ಧ. ನನಗೆ ಓಡುವುದು ಬಂದಿತ್ತು, ನಿಲ್ಲುವುದು ಬಂದಿರಲಿಲ್ಲ, ಅಷ್ಟೇ. ಹೊಸಬರಿಗೆ ಸುತ್ತಲಿನ ಗೋಡೆಯೇ ಬ್ರೇಕು. ಉಳಿದವರು ಕೈ ಕೊಡುತ್ತಾರೆ, ನಾನು ಹೆಗಲು ಕೊಟ್ಟೆ. ಒಣ ಪುರಲೆ ಮುರಿದಂಥ ಸದ್ದಾಯಿತು. ಬಲಗಡೆಯ ಕಾಲರ್ ಬೋನ್.

ಎಕ್ಸ್‌ರೇ ನೋಡಿದ ಡಾಕ್ಟರು ಆಪರೇಷನ್ ಬೇಡವೆಂದರು. ಪ್ಲಾಸ್ಟರೂ ಇಲ್ಲ. ಕೈಗೊಂದು ಜೋಳಿಗೆ ಕಟ್ಟಿ, ಆರು ವಾರ ಸುಮ್ಮನಿರಿ ಅಂದರು. ಪ್ಲಾಸ್ಟರಿಲ್ಲದ ಮೂಳೆಮುರಿತಕ್ಕೆ ಸಮಾಜದಲ್ಲಿ ಏನು ಮರ್ಯಾದೆ ಹೇಳಿ? ಸಹಿ ಹಾಕುತ್ತೇನೆಂದು ಪೆನ್ನು ಹಿಡಿದು ಬಂದ ಮಗ ಸಪ್ಪಗಾದ.

ಇಲ್ಲಿನವರಿಗೆ ಪೆಟ್ಟೆಂದರೆ ಗುಟ್ಟು. ದೊಡ್ಡ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನ ತಂಡಗಳು ಆಟಗಾರನಿಗೆ ಎಲ್ಲಿ ನೋವೆಂದು ಬಿಡಿಸಿ ಹೇಳುವುದೇ ಇಲ್ಲ. ‘ಅಪ್ಪರ್ ಬಾಡಿ’ ಇಲ್ಲವೇ ‘ಲೋವರ್ ಬಾಡಿ’, ಮುಗಿಯಿತು. ಜಾಗ ಗೊತ್ತಾದರೆ ಎದುರಾಳಿ ಅಲ್ಲಿಗೇ ಗುಮ್ಮುತ್ತಾನಂತೆ. ನಮ್ಮಲ್ಲೋ, ಮಂಡಿನೋವಿನ ಎಕ್ಸ್‌ರೇಯನ್ನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೂ ಬಿಸಿಲಿಗೆ ಹಿಡಿದು ತೋರಿಸದಿದ್ದರೆ ನೋವು ಇಳಿಯುವುದಿಲ್ಲ.

ಇವರ ಪುರಾಣಪುರುಷರೂ ಹಾಗೆಯೇ. 1964ರಲ್ಲಿ, ಎನ್‌ಎಚ್‌ಎಲ್ ಪ್ರಶಸ್ತಿಯಾದ ಸ್ಟಾನ್ಲಿ ಕಪ್ಪಿನ ಫೈನಲ್ಲಿನ ಆರನೆಯ ಪಂದ್ಯದಲ್ಲಿ ಟೊರೊಂಟೊದ ಬಾಬಿ ಬಾನ್‌ನನ್ನು ಸ್ಟ್ರೆಚರಿನಲ್ಲಿ ಹೊತ್ತೊಯ್ದರು. ಕಾಲಿನ ಮೂಳೆ ಮುರಿದಿತ್ತು. ಪುಣ್ಯಾತ್ಮ ಕಾಲು ಬಿಗಿಸಿಕೊಂಡು ವಾಪಸು ಬಂದು, ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದ. (ಟೊರೊಂಟೊ 1967ರಲ್ಲಿ ಗೆದ್ದದ್ದೇ ಕೊನೆ. ‘ಈ ಸಲ ಕಪ್ ನಮ್ದೇ’ ಎಂದು ನಾವು ಆರ್‌ಸಿಬಿಗಾಗಿ ಕಾದದ್ದು ಇವರ ಮುಂದೆ ಯಾವ ಲೆಕ್ಕ?) ನನಗೆ ಹಿಡಿಸಿದವನು ಮಾಂಟ್ರಿಯಲ್‌ನ ಗೋಲಿ, ಅಂದರೆ ಗೋಲ್‌ಕೀಪರ್, ಜಾಕ್ ಪ್ಲಾಂಟ್. 1959ರ ನವೆಂಬರ್ 1ರಂದು ಮುಖ ಸೀಳಿದ ಮೇಲೆ ಹೊಲಿಗೆ ಹಾಕಿಸಿಕೊಂಡು, ಮುಖವಾಡ ಹಾಕದೆ ಇನ್ನು ಐಸಿಗೆ ಇಳಿಯುವುದಿಲ್ಲ ಎಂದ. ಮುಖವಾಡ ಕಂಡರಾಗದ ಕೋಚ್‌ಗೆ ಬೇರೆ ಗೋಲಿಯಿರಲಿಲ್ಲ. ಅಷ್ಟು ಮಂದಿ ಶೂರರ ನಡುವೆ ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದವನೇ ನಿಜವಾದ ಶೂರ ಅಂತ ನನ್ನ ಲೆಕ್ಕ.

ನನಗೆ ಮಾತ್ರ ಆ ಶೌರ್ಯ ಬರಲಿಲ್ಲ. ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ವಿಷಯ ತಿಳಿಸದೆ, ವಿಡಿಯೊ ಕಾಲಿನಲ್ಲಿ ಕತ್ತಿನಿಂದ ಮೇಲಷ್ಟೇ ಕಾಣುವ ಹಾಗೆ ಕೂರುತ್ತಿದ್ದೆ. ಎಡಗೈಯಲ್ಲಿ ಚಮಚ ಹಿಡಿದು ಸಾರನ್ನ ತಿನ್ನುವ ಅವಮಾನವನ್ನೂ, ಹಿಮ ಎತ್ತಲಾಗದೆ ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜನ ಕೈಯಲ್ಲಿ ನಮ್ಮ ಬಾಗಿಲು ಬಿಡಿಸಿಕೊಂಡದ್ದನ್ನೂ ಮುಚ್ಚಿಟ್ಟೆ. ಮೂರನೆಯ ವಾರ ಎಡಗೈಯಲ್ಲಿ ಕಾಫಿ ಲೋಟ ಎತ್ತಿದ್ದೇ ತಪ್ಪಾಯಿತು.

“ಬಲಗೈ ಎಲ್ಲಿಟ್ಟು ಬಂದ್ಯಾ?”

“ಅಪ್ಪರ್ ಬಾಡಿ, ಅಮ್ಮ.”

“ಎಂತ ಬಾಡಿ?”

ಐದು ನಿಮಿಷದಲ್ಲಿ ಎಲ್ಲ ಕಕ್ಕಿಸಿದಳು. ಪುತ್ತೂರು ಕಟ್ಟು ಹಾಕಿಸಬಾರದಿತ್ತೇ, ಅಲ್ಲಿ ಮಂಗರಬಳ್ಳಿ ಸಿಗುವುದಿಲ್ಲವೇ, ಚಟ್ನಿ ಮಾಡಿ ಕಳಿಸಲೇ. ಸಂಜೆಯೊಳಗೆ ಊರಿಗೆಲ್ಲ ತಿಳಿದು ಏಳು ಜನ ಫೋನು ಮಾಡಿದರು. ವಿಚಿತ್ರವೆಂದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಆಮೇಲಿನದು ಫಿಸಿಯೊಥೆರಪಿ. ಬಗ್ಗಿ ನಿಂತು ಕೈಯನ್ನು ಗಂಟೆಯ ನಾಲಗೆಯಂತೆ ತೂಗಾಡಿಸುವುದು, ಬೆರಳುಗಳನ್ನು ಹಲ್ಲಿಯ ಹಾಗೆ ಗೋಡೆ ಹತ್ತಿಸುವುದು. ಮೊದಲ ದಿನ ಹಲ್ಲಿ ಸ್ವಿಚ್‌ಬೋರ್ಡಿನ ತನಕವೂ ಹೋಗಲಿಲ್ಲ. ಈಗ ಕ್ಯಾಲೆಂಡರಿನ ಮೊಳೆ ಮುಟ್ಟುತ್ತದೆ.

ಮೊನ್ನೆ ಸ್ಕೇಟಿಗೆ ಸಾಣೆ ಹಿಡಿಸಿ ತಂದೆ. ಶುಕ್ರವಾರ, ರಾತ್ರಿ ಹತ್ತೂಮುಕ್ಕಾಲಿಗೆ, ಬರೀ ನಿಲ್ಲುವುದನ್ನು ಕಲಿಯುವ ಕ್ಲಾಸಿದೆ. ತೀರ್ಥಹಳ್ಳಿ ಕಡೆ ಹೋಗುವವರಿದ್ದರೆ, ದಯವಿಟ್ಟು ಅಮ್ಮನ ಹತ್ತಿರ ಬಾಯಿ ಬಿಡಬೇಡಿ.