ಮುಳುಗಿದ ಊರು, ರಾತ್ರಿ ಪಾಳಿ

ಮೊನ್ನೆ ಬಿಸಿಲಿಗೆ ಸಂಡಿಗೆ ಹಾಕುತ್ತಿದ್ದೆ. ಗೋಡೆಯಾಚೆಯಿಂದ ಅಕ್ಕಾವ್ರು ಕೇಳಿದರು: "ಅಲ್ರೀ, ಬಿಲಾಯತಿಯಾಗ ನಮ್ಮ ದೇಶದವ್ರ ಮಕ್ಕಳು ಡಾಕ್ಟ್ರು, ಪಾಕಿಸ್ತಾನದವ್ರ ಮಕ್ಕಳು ಟ್ಯಾಕ್ಸಿ ಡ್ರೈವರು ಅಂತಾರಲ್ಲ, ಹಂಗ್ಯಾಕ?"

"ಅದಕ್ಕ ಮೊದಲು ಹಿಡಕಲ್ಲಿಗೆ ಹೋಗ್ಬೇಕ್ರೀ" ಅಂದೆ.

ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮ್ ನೋಡಿದ್ದೀರಲ್ಲ? ಬೇಸಿಗೆಯಲ್ಲಿ ಘಟಪ್ರಭೆಯ ನೀರು ಇಳಿದರೆ ಹುನ್ನೂರಿನ ವಿಠ್ಠಲ ದೇವರ ಗುಡಿ ಮೇಲೇಳುತ್ತದೆ. ಜನ ಹಣ್ಣುಕಾಯಿ ಹಿಡಿದುಕೊಂಡು ಹೋಗುತ್ತಾರೆ. ಪಾಕಿಸ್ತಾನದ ಕಡೆ ಝೇಲಂ ನದಿಯ ಮಂಗ್ಲಾ ಡ್ಯಾಮಿನಲ್ಲೂ ಥೇಟ್ ಹೀಗೇ. ನೀರಿಳಿದಾಗ ಹಳೇ ಮೀರ್‌ಪುರದ ದರ್ಗಾ, ಗುಡಿ, ಗುರುದ್ವಾರ ಕಾಣಿಸುತ್ತವೆ. ದೇವರೂ ವರ್ಷಕ್ಕೊಮ್ಮೆ ಬಿಸಿಲು ಕಾಯಿಸಬೇಕಲ್ಲ... 1967ರಲ್ಲಿ ಮುಗಿದ ಮಂಗ್ಲಾ ಡ್ಯಾಮಿಗಾಗಿ ಲಕ್ಷ ಜನ ಮನೆ ಬಿಟ್ಟರು. ಅವರಲ್ಲಿ ಎಷ್ಟೋ ಮಂದಿ, ಮೊದಲೇ ಹೋಗಿದ್ದ ಅಣ್ಣತಮ್ಮಂದಿರ ಬೆನ್ನು ಹಿಡಿದು ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಉಣ್ಣೆ ಮಿಲ್ಲು ಸೇರಿದರು.

ಮಿಲ್ಲು ಅಂದಕೂಡಲೇ ನನಗೆ ಗೋಕಾಕ ಫಾಲ್ಸಿನ ಭೋಂಗಾ ಕಿವಿಯಲ್ಲಿ ಕೂಗುತ್ತದೆ. 1885ರ ಗೋಕಾಕ ಮಿಲ್ಲು ನಮ್ಮ ಸೋದರಮಾವನಿಗೆ ಅನ್ನ ಹಾಕಿತು. ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬು, ಮೀಸೆ ತುಂಬ ಅರಳೆ. ಮೂವತ್ತಕ್ಕೇ ಮುದುಕನ ಹಾಗೆ ಕಾಣುತ್ತಿದ್ದ. ಹಗಲೆಲ್ಲ ನಿದ್ದೆ. ಮಕ್ಕಳ ಸಾಲಿ ಕಡೆ ತಲೆ ಹಾಕಲಿಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು, ಹೇಳಿ?

ಬ್ರಾಡ್‌ಫರ್ಡ್‌ನಲ್ಲೂ ಮೀರ್‌ಪುರದವರಿಗೆ ಹೆಚ್ಚಾಗಿ ಸಿಕ್ಕದ್ದು ರಾತ್ರಿ ಪಾಳಿಯೇ. ಸುತ್ತಲೂ ತಮ್ಮ ಊರವರೇ ಇದ್ದಮೇಲೆ ಇಂಗ್ಲಿಷಿನ ಗರಜೇ ಬೀಳಲಿಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮಿಲ್ಲುಗಳು ಮುಚ್ಚುತ್ತ ಬಂದವು. ಕೈಗೆ ಸಿಕ್ಕದ್ದು ಟ್ಯಾಕ್ಸಿ ಸ್ಟೇರಿಂಗು.

ನಮ್ಮವರ ಕತೆ ಬೇರೆ. 1972ರಲ್ಲಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಉಗಾಂಡದಿಂದ ಹೊರಹಾಕಿದ ಗುಜರಾತಿಗಳು ಲೆಸ್ಟರಿಗೆ ಬಂದಿಳಿದಾಗ ಕಿಸೆ ಖಾಲಿ ಇತ್ತು. ಆದರೆ ಇಂಗ್ಲಿಷು, ಲೆಕ್ಕಪತ್ರ, ಅಂಗಡಿ ನಡೆಸಿದ ಅನುಭವವನ್ನು ಯಾರೂ ಕಸಿದಿರಲಿಲ್ಲ. ಅಲ್ಲಿನ ಆಸ್ಪತ್ರೆಗಳಿಗೆ ಹೋದ ನಮ್ಮ ಡಾಕ್ಟರರಂತೂ ವಿಮಾನ ಹತ್ತಿದ್ದೇ ಡಿಗ್ರಿ ಹಿಡಿದು. ಪಾಕಿಸ್ತಾನದಿಂದಲೂ ಡಾಕ್ಟರರು ಹೋದರು, ನಮ್ಮ ಪಂಜಾಬಿನಿಂದ ಫೌಂಡ್ರಿಗೂ ಹೋದರು. ಹಾಗಿರುವಾಗ ಯಾವ ದೇಶದವರು ಜಾಣರು ಅಂತ ತೂಗುವುದು ಸರಿಯೇ? ಮೊದಲು ಹೋದವನಿಗೆ ಯಾವ ಬಾಗಿಲು ತೆರೆಯಿತು ಅನ್ನುವುದನ್ನೂ ಕೇಳಬೇಕು, ಹೌದಲ್ರೀ?

ನಾನು ಸಂಡಿಗೆ ತಿರುವಿ ಹಾಕುತ್ತಿದ್ದಾಗ ಅಕ್ಕಾವ್ರು ಕೇಳಿದರು, "ಮತ್ತ ಈಗ?"

ಈಗ ಅಲ್ಲಿ ಪಾಕಿಸ್ತಾನಿ ಮನೆಗಳ ಮಕ್ಕಳು ಯುನಿವರ್ಸಿಟಿಗೆ ಹೋಗುವ ಪ್ರಮಾಣ ಬಿಳಿಯರ ಮಕ್ಕಳದಕ್ಕಿಂತ ಹೆಚ್ಚು. ನಮ್ಮ ಸೋದರಮಾವನ ಮೊಮ್ಮಗಳೂ ದಿನಾ ಮೂಡಲಗಿಯಿಂದ ಬಸ್ಸು ಹಿಡಿದು ಗೋಕಾಕಿಗೆ ಕಾಲೇಜಿಗೆ ಬರುತ್ತಾಳೆ.